ಎಲ್ಲಿಗೆ ಎಂದು ಕೇಳಬಾರದ ಮನೆ

ಹುಣಸೂರಿನಲ್ಲಿ ಎತ್ತಿನಗಾಡಿ ಮಾಡುವ ಖದೀರನ ಮನೆಯಲ್ಲಿ, ಹೊರಟವರನ್ನು ಎಲ್ಲಿಗೆ ಎಂದು ಕೇಳುವಂತಿರಲಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆಂಬ ನಂಬಿಕೆ. ನಮ್ಮ ಕಡೆ ಯಾವ ಮನೆಯಲ್ಲಿಲ್ಲ ಹೇಳಿ? ಆದರೆ ಈ ಮಹರಾಯ ತಾನಾಗಿಯೂ ಹೇಳುತ್ತಿರಲಿಲ್ಲ. ಗಾಡಿ ಕಟ್ಟಿ ಪಿರಿಯಾಪಟ್ಟಣದ ಸಂತೆಗೆ ಹೊರಟುಬಿಡುತ್ತಿದ್ದ.

ಹೊಸದಾಗಿ ಮದುವೆಯಾಗಿ ಬಂದ ಫಹ್ಮೀದಾಗೆ ಅಷ್ಟಕ್ಕೇ ಜೀವ ಹಾರಿಹೋಗುತ್ತಿತ್ತು. ಅವಳ ಚಿಕ್ಕಂದಿನಲ್ಲಿ ಅಪ್ಪ ಹೀಗೇ ಹೇಳದೆ ಕೇಳದೆ ಕೊಡಗಿನ ಕಾಫಿ ತೋಟಕ್ಕೆ ಹೋದವನು ತಿರುಗಿ ಬರಲೇ ಇಲ್ಲ. ಗಂಡ ಬರುವವರೆಗೆ ಅವಳು ಅನ್ನ ಮುಟ್ಟುತ್ತಿರಲಿಲ್ಲ. ಬಂದೊಡನೆ ಅಳು, ನಾನು ಬೇಡವಾದೆನೇ ಎಂಬ ಪ್ರಶ್ನೆ. ಅವಳು ಅತ್ತಷ್ಟೂ ಅವನು ಬಾಯಿ ಮುಚ್ಚಿಕೊಂಡು ಕೊಟ್ಟಿಗೆಗೆ ಹೋಗಿ ಚಕ್ರ ಬಡಿಯುತ್ತ ಕೂರುತ್ತಿದ್ದ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ.

ತಾಯಿಯಿಲ್ಲದ ಖದೀರನನ್ನು ಸಾಕಿದ ಚಿಕ್ಕಮ್ಮ ಅಜೀಜುನ್ನೀಸಾಗೆ ರೋಸಿಹೋಯಿತು. ಹುಡುಗಿಯನ್ನು ಕಟ್ಟೆಮಳಲವಾಡಿಯ ತವರಿಗೆ ಬಿಟ್ಟುಬರುವುದು, ಮತ್ತೆ ಕರೆಸುವುದಿಲ್ಲ ಎಂದುಬಿಟ್ಟಳು. ಫಹ್ಮೀದಾ ಹೋಗಲಾರೆನೆಂದು ಅತ್ತಳು. ಗಂಡನ ಮೇಲೆ ಪ್ರಾಣವನ್ನೇ ಇಟ್ಟಿದ್ದಳು.

ಪಕ್ಕದ ಮನೆಯ ಶಿವನಂಜಮ್ಮ ಮಹಾರಾಜರ ಸರ್ಕಾರದ ಆಸ್ಪತ್ರೆಯಲ್ಲಿ ದಾದಿ. ಸುದ್ದಿ ತಿಳಿದು ಬಂದಳು. ಹುಡುಗಿಗೆ ಗಾಳಿ ಸೋಕಿದೆ ಎಂದಳು ಅಜೀಜುನ್ನೀಸಾ. ದಾದಿ ಬೇರೆಯದನ್ನೇ ಕೇಳಿದಳು: ಖದೀರ ಚಿಕ್ಕವನಿದ್ದಾಗ ಅತ್ತರೆ ಏನು ಮಾಡುತ್ತಿದ್ದಿರಿ?

"ಗಂಡು ಮಗ ಅಳಬಾರ್ದು ಅಂತ ಕೊಟ್ಟಿಗೆಗೆ ತಳ್ಳಿ ಅಗುಳಿ ಹಾಕ್ತಿದ್ದೆ. ಸುಮ್ಮನಾದ್ಮೇಲೆ ಊಟ ಕೊಡ್ತಿದ್ದೆ."

"ಈಗ ಅವ್ನೇ ಓಗಿ ಕೂತ್ಕತಾನೆ ಕಣವ್ವ," ಎಂದಳು ಶಿವನಂಜಮ್ಮ. "ಅಳು ಕಂಡ್ರೆ ದೂರ ಓಗ್ಬೇಕು ಅಂತ ಅವ್ನು ಕಲ್ತವ್ನೆ. ಮನೆ ಬುಟ್ಟು ಓದೋರು ಬರಾಕಿಲ್ಲ ಅಂತ ಇವ್ಳು ಕಲ್ತವ್ಳೆ. ಪಿರೀತಿ ಇಬ್ರಲ್ಲೂ ಅದೆ. ಚಿಕ್ಕಂದಿನ ಭಯ ಮದ್ವೆಯಾದ್ಮೇಲೂ ಜೊತೇಲೇ ಬತ್ತದೆ. ಬಾಯ್ಬುಟ್ಟು ಏಳ್ಕಂಡ್ರೆ ಕಮ್ಮಿಯಾಯ್ತದೆ."

ಮಾತಿನಿಂದ ಸರಿಹೋಗುವುದಾಗಿದ್ದರೆ ಊರಲ್ಲಿ ಜಗಳವೇ ಇರುತ್ತಿರಲಿಲ್ಲ ಎಂದು ಅಜೀಜುನ್ನೀಸಾ ಗೊಣಗಿದಳು. ಆದರೂ ಮುಖ ಸಪ್ಪಗಾಗಿತ್ತು. ಮುಂದಿನ ಸಂತೆ ಕಳೆಯಲಿ, ನೋಡೋಣ ಎಂದಳು. ಶಿವನಂಜಮ್ಮ ಗಂಡಹೆಂಡಿರನ್ನೂ ಕೂರಿಸಿಕೊಂಡು ಇದನ್ನೇ ಬಿಡಿಸಿ ಹೇಳಿದಳು.

ಸಂತೆಗೆ ಹೊರಟಾಗ ಖದೀರ ಹೊಸ್ತಿಲಲ್ಲಿ ನಿಂತ. ಪಿರಿಯಾಪಟ್ಟಣಕ್ಕೆ ಹೋಗಿ ನಾಳೆ ಸಂಜೆಗೆ ಬರುತ್ತೇನೆಂದು, ನಾಚಿಕೊಂಡೇ ಹೇಳಿದ. ಆ ಮಧ್ಯಾಹ್ನ ಫಹ್ಮೀದಾ ಉಂಡಳು. ಆದರೆ ದಾರಿಯಲ್ಲಿ ಗಾಡಿಯ ಅಚ್ಚು ಮುರಿದು, ಮರುದಿನ ಸಂಜೆ ಬರಬೇಕಾದವನು ಅದರ ಮಾರನೆಯ ಬೆಳಗ್ಗೆ ಬಂದ. ಅವಳ ಕಣ್ಣು ಅತ್ತು ಊದಿಕೊಂಡಿತ್ತು. ಬೇಡವಾದೆನೇ ಎಂದು ಮಾತ್ರ ಕೇಳಲಿಲ್ಲ.

"ನಂಗೆ ಭಯವಾಗಿತ್ತು. ಸ್ವಲ್ಪ ಹತ್ರ ಕೂತ್ಕೊಳ್ಳಿ," ಎಂದಳು.

ಖದೀರನ ಕಾಲು ಕೊಟ್ಟಿಗೆಯ ಕಡೆಗೇ ತಿರುಗಿತು. ಅಜೀಜುನ್ನೀಸಾ ಅದರ ಬಾಗಿಲಿಗೆ ಅಡ್ಡ ನಿಂತಳು.

"ಅವತ್ತು ನಾನು ತಳ್ಳಿದ್ದು ತಪ್ಪು ಕಣಪ್ಪ. ಒಳಗೆ ಹೋಗ್ಬೇಡ, ಅವಳ ಹತ್ರ ಕೂತ್ಕೋ."

ಅವನು ಕೂತ. ಅವನಿಗೂ ಅಳು ಬಂತು. ಈ ಸಲ ಯಾರೂ ಸುಮ್ಮನಿರು ಎನ್ನಲಿಲ್ಲ. ಹುಡುಗಿಯನ್ನು ತವರಿಗೆ ಕಳಿಸುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಬೆನ್ನು ಹತ್ತುವವರು, ಒಬ್ಬರು ದೂರ ಸರಿಯುವವರು ಇರಬಹುದು. ಪ್ರೀತಿಯಿಲ್ಲವೆಂದು ತೀರ್ಮಾನಿಸುವ ಮೊದಲು, ಅವರು ಯಾವುದಕ್ಕೆ ಹೆದರುತ್ತಾರೆಂದು ಕೇಳಿ. ನಿಮ್ಮ ಹೆದರಿಕೆಯನ್ನೂ ಹೇಳಿ. ಹೊರಡುವಾಗ ಹೇಳಿ ಹೊರಡಿ. ಮನೆಯಲ್ಲಿ ಮಗು ಅಳುತ್ತಿದ್ದರೆ ಈಗಲೇ ಎತ್ತಿಕೊಳ್ಳಿ. ನಾಳೆ ಅದೂ ಯಾರಿಗೋ ಗಂಡನೋ ಹೆಂಡತಿಯೋ ಆಗುತ್ತದೆ.