ಶೆಟ್ಟರಿಗೆ ಕೊಟ್ಟ ಕುರ್ಚಿ

ಮೋಹನದಾಸ ಶೆಟ್ಟರು ನಾಟಕಕ್ಕೆಂದು ಮುಖಕ್ಕೆ ಬಣ್ಣ ಹಚ್ಚಲು ಶುರುಮಾಡಿದ್ದು ಐವತ್ತರ ದಶಕದಲ್ಲಿ. ಎತ್ತರದ ಆಳು, ಗಡಸು ದನಿ, ಮೂವತ್ತಕ್ಕೇ ನರೆತ ಮೀಸೆ. ನಾಯಕನ ಪಾತ್ರ ಒಮ್ಮೆಯೂ ಅವರ ಪಾಲಿಗೆ ಬರಲಿಲ್ಲ. ಮ್ಯಾಜಿಸ್ಟ್ರೇಟ್, ಗುತ್ತಿನ ದೊಡ್ಡಮನೆಯ ಯಜಮಾನ, ಇನ್‌ಸ್ಪೆಕ್ಟರ್, ಇಷ್ಟೇ. ತುಳು ಸಿನಿಮಾಗಳು ಬಂದಾಗಲೂ ಕೊನೆಯ ರೀಲಿನಲ್ಲಿ ಜೀಪಿನಿಂದಿಳಿದು ಎಲ್ಲವನ್ನೂ ಸರಿಮಾಡುವ ಅಧಿಕಾರಿ ಅವರೇ. ಎಪ್ಪತ್ತರ ದಶಕದ ಕೊನೆಗೆ ರೇಡಿಯೋದವರು ಕರೆದು ಭಾನುವಾರದ ಒಂದು ಕಾರ್ಯಕ್ರಮ ಕೊಟ್ಟರು. ಅದರಲ್ಲಿ ಶೆಟ್ಟರು ‘ಸಂಕಪ್ಪಣ್ಣ’, ಕೇಳುಗರ ತಕರಾರುಗಳಿಗೆ ಜಗಲಿಯಲ್ಲಿ ಕೂತು ತೀರ್ಮಾನ ಹೇಳುವ ಹಿರಿಯ. ನಳ್ಳಿಯಲ್ಲಿ ನೀರಿಲ್ಲ, ಅತ್ತೆ ಸೊಸೆಗೆ ಮಾತಿಲ್ಲ, ಯಾವುದಕ್ಕೂ ಸಂಕಪ್ಪಣ್ಣನಲ್ಲಿ ಉತ್ತರವಿತ್ತು. ಬಿಜೈ ಮಾರ್ಕೆಟ್ಟಿನಲ್ಲಿ ಜನ ಅವರನ್ನು ಆ ಹೆಸರಿನಿಂದಲೇ ಕರೆಯತೊಡಗಿದ್ದರು.

ಎಂಬತ್ತಮೂರರ ಒಂದು ಬೆಳಿಗ್ಗೆ ಉರ್ವದ ದೇಯಿ ಎಂಬ ಹೆಂಗಸು ಶೆಟ್ಟರ ಮನೆಗೆ ಬಂದಳು. ಗಂಡ ತೀರಿಹೋದವಳು, ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಒಬ್ಬನೇ ಮಗ ಜಯ ಕಂಕನಾಡಿಯ ಏಜಂಟನೊಬ್ಬನ ಮೂಲಕ ಗಲ್ಫಿಗೆ ಹೋಗಿದ್ದ. ಎರಡು ವರ್ಷದಿಂದ ಅವನ ಸುದ್ದಿಯೇ ಇಲ್ಲ. ಏಜಂಟನಲ್ಲಿ ಹೋಗಿ ವಿಚಾರಿಸಿಕೊಡಬೇಕು ಎಂದಳು.

“ನಾನು ನಾಟಕದವ ದೇಯಿ. ನನ್ನಿಂದ ಎಂತ ಆಗ್ತದೆ?” ಎಂದರು ಶೆಟ್ಟರು.

“ಅದು ಗೊತ್ತುಂಟು ಧಣಿಗಳೇ. ಆದ್ರೆ ನಾನು ಹೋದ್ರೆ ಬಾಗಿಲಿನಿಂದಲೇ ಕಳಿಸ್ತಾರೆ. ನೀವು ಹೋದ್ರೆ ಕುರ್ಚಿ ಕೊಡ್ತಾರೆ. ಕುರ್ಚಿ ಕೊಟ್ಟವರು ಏನಾದ್ರೂ ಹೇಳಲೇಬೇಕಲ್ಲ.”

ಹೆಂಡತಿ ರತ್ನಾವತಿ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ದೇಯಿಯನ್ನು ಕರೆದುಕೊಂಡು ಹೊರಟ ಶೆಟ್ಟರು ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಾ ಹೋದರು.

ದೇಯಿ ಹೇಳಿದಂತೆಯೇ ಆಯಿತು. ಏಜಂಟ ಎದ್ದುನಿಂತು ತನ್ನದೇ ಕುರ್ಚಿ ಸರಿಸಿಕೊಟ್ಟ, ಚಾ ತರಿಸಿದ. ಗುಮಾಸ್ತರೆಲ್ಲ ಸುತ್ತ ಸೇರಿದರು. ಜಯನ ಹೆಸರು ಎತ್ತುವ ಮೊದಲೇ ಏಜಂಟ ಆ ಜೀಪಿನ ದೃಶ್ಯದ ಡೈಲಾಗು ಒಮ್ಮೆ ಹೇಳಬೇಕೆಂದು ಕೈಮುಗಿದ. ಹೇಳಿದರೆ ಮನುಷ್ಯ ಮೆತ್ತಗಾದಾನು ಎಂದುಕೊಂಡು ಶೆಟ್ಟರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ನಿಂತಿದ್ದ ದೇಯಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಆಮೇಲೆ ಶೆಟ್ಟರು ದನಿ ಗಡಸು ಮಾಡಿಯೇ ಕೇಳಿದರು. ಜಯ ಸೇರಿದ್ದ ಕಂಪೆನಿ ಮುಚ್ಚಿ ವರ್ಷವಾಯಿತು, ಹುಡುಗರು ಚೆದುರಿಹೋದರು, ತನಗೆ ಅದಕ್ಕಿಂತ ಹೆಚ್ಚು ತಿಳಿಯದು ಎಂದ ಏಜಂಟ. ಶೆಟ್ಟರು ಇನ್ನೂ ಗದರಿದರು. ಅದನ್ನೂ ಅಭಿನಯವೆಂದು ತಿಳಿದು ಗುಮಾಸ್ತನೊಬ್ಬ ನಕ್ಕ.

ರೇಡಿಯೋದಲ್ಲಾದರೂ ಜಯನ ಹೆಸರು ಹೇಳಲು ಬಿಡಿ ಎಂದು ಅಲ್ಲಿಯ ಅಧಿಕಾರಿಯನ್ನು ಕೇಳಿಕೊಂಡರು. ಖಾಸಗಿ ವಿಷಯ ಹೇಳುವಂತಿಲ್ಲ, ಅಲ್ಲದೆ ನಮ್ಮ ದನಿ ಗಲ್ಫಿಗೆ ಮುಟ್ಟುವುದೂ ಇಲ್ಲ ಎಂದು ಆತ ಮೆಲ್ಲಗೆ ಹೇಳಿದ. ಅದು ನಿಜವಾದ್ದರಿಂದ ಶೆಟ್ಟರಿಗೆ ಸಿಟ್ಟು ಮಾಡಲೂ ಆಗಲಿಲ್ಲ.

ಮಳೆಗಾಲ ಕಳೆದ ಮೇಲೆ ದೇಯಿ ಮತ್ತೆ ಬಂದಳು. ಈ ಸಲ ಜಗಲಿಯಲ್ಲಿ ಕುಳಿತಳು.

“ಜಯ ಸತ್ತ ಅಂತಲೇ ತಿಳ್ಕೊಂಡು ಬೊಜ್ಜದ ಕ್ರಿಯೆ ಮಾಡಿ ಮುಗಿಸು ಅಂತ ಕುಟುಂಬದವರು ಹೇಳ್ತಾರೆ. ಅನ್ನ ನೀರು ಸಿಗದ ಆತ್ಮ ಅಲೆದಾಡ್ತದಂತೆ. ಅವ ಬದುಕಿದ್ರೆ, ಬದುಕಿದ್ದವನಿಗೆ ಬೊಜ್ಜ ಮಾಡಿದ ಹಾಗೆ ಆಗುದಿಲ್ವಾ? ನೀವೊಂದು ಹೇಳಿ ಧಣಿಗಳೇ. ನೀವು ಹೇಳಿದ ಹಾಗೆ ಮಾಡ್ತೇನೆ.”

ಸಂಕಪ್ಪಣ್ಣನ ದನಿ ಶೆಟ್ಟರ ಗಂಟಲವರೆಗೆ ಬಂತು. ಧೈರ್ಯದ ನಾಲ್ಕು ಮಾತು ಹೇಳುವುದು ಅವರಿಗೆ ಕಷ್ಟವಿರಲಿಲ್ಲ. ಆದರೆ ಅವಳು ಕೇಳುತ್ತಿದ್ದುದು ಆ ಮಾತನ್ನಲ್ಲ.

“ನನಗೆ ಗೊತ್ತಿಲ್ಲ ದೇಯಿ,” ಎಂದರು.

ದೇಯಿ ರತ್ನಾವತಿ ತಂದಿಟ್ಟ ಚಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೊರಟಳು. ಶೆಟ್ಟರು ಬಸ್ಸಿನವರೆಗೂ ಜತೆಗೆ ಹೋದರು.

ಕಾರ್ಯಕ್ರಮ ಮತ್ತೆ ನಾಲ್ಕು ವರ್ಷ ನಡೆಯಿತು. ಜಯ ಬರಲಿಲ್ಲ. ದೇಯಿ ಬೊಜ್ಜ ಮಾಡಲೂ ಇಲ್ಲ.