ಹೊರಗೆ ಹೋದ ಔಷಧಿ

"ಎರಡು ಗಂಟೆ ಹೊತ್ತು ಒಂದಕ್ಕೆ ಹೋಗಂಗಿಲ್ಲ, ಗುಡ್ಡಪ್ಪೋರೆ. ಆಗಾಗ ಮಗ್ಗಲು ಬದಲಾಯಿಸ್ತಾ ಇರ್ರಿ," ಎಂದಳು ನರ್ಸ್ ಮೋನಿಕಾ, ನಳಿಕೆ ತೆಗೆದು ಟ್ರೇಗೆ ಹಾಕುತ್ತ. ಅರವತ್ತು ದಾಟಿದ ಗುಡ್ಡಪ್ಪ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಅವಳು ಆಚೆ ಹೋದದ್ದೇ ತಡ, ಮಂಚದಿಂದಿಳಿದು ಪಾಯಿಖಾನೆಗೆ ಹೋಗಿ, ಮೂತ್ರಕೋಶಕ್ಕೆ ಬಿಟ್ಟಿದ್ದ ಔಷಧಿಯನ್ನೆಲ್ಲ ಹೊರಗೆ ಹೊಯ್ದು ಬಂದು ಮಲಗಿದ. ಮೂರು ವಾರದಿಂದ ಇದೇ ಕಥೆ.

ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತ್ತು. ದುರ್ಗದ ಡಾಕ್ಟರು ಅದನ್ನು ಕೆರೆದು ತೆಗೆದಿದ್ದರು. ಮರಳಿ ಬಾರದಿರಲೆಂದು ವಾರಕ್ಕೊಮ್ಮೆಯಂತೆ ಆರು ಸಲ, ಎಳೆಗೂಸುಗಳಿಗೆ ಚುಚ್ಚುವ ಬಿಸಿಜಿ ಲಸಿಕೆಯನ್ನೇ ಒಳಗೆ ಬಿಡುತ್ತೇವೆ, ಇಲ್ಲದಿದ್ದರೆ ಮುಂದೆ ಕೋಶವನ್ನೇ ತೆಗೆಯಬೇಕಾದೀತು, ಜೀವಕ್ಕೂ ಅಪಾಯ ಎಂದಿದ್ದರು. ಲಸಿಕೆ ಎಂಬ ಮಾತು ಕಿವಿಗೆ ಬಿದ್ದೊಡನೆ ಗುಡ್ಡಪ್ಪನಿಗೆ ಹಟ್ಟಿಯ ಕುರಿಗಳು ನೆನಪಾಗಿದ್ದವು. ಹರಿಯಬ್ಬೆಯಲ್ಲಿ ಕುರಿ ಕಾದೇ ಬೆಳೆದವನು. ಲಸಿಕೆ ಹಾಕುವ ದಿನ ಸಿಂಬಳ ಸುರಿಸುವ, ಮೇವು ಬಿಟ್ಟ ಕುರಿಗಳನ್ನು ಬೇರೆ ಕಟ್ಟುವುದು ಅವನದೇ ಕೆಲಸ. ಒಂದು ವರ್ಷ ಕಣ್ತಪ್ಪಿ ಬೇನೆ ಬಿದ್ದ ಕುರಿಯೊಂದು ಸಾಲಿಗೆ ಸೇರಿಕೊಂಡು, ಮಾರನೇ ದಿನ ಕಾಲು ಚಾಚಿತ್ತು. ಲಸಿಕೆಯೇನಿದ್ದರೂ ಗಟ್ಟಿಮುಟ್ಟಾದವಕ್ಕೆ. ರೋಗ ಹೊಕ್ಕ ಮೈಗೆ ಅದು ವಿಷವೆಂದೇ ಅವನು ನಂಬಿದ್ದ. ಡಾಕ್ಟರ ಮುಂದೆ ಬೇಡವೆನ್ನಲು ಬಾಯಿ ಬರಲಿಲ್ಲ, ಹೆಂಡತಿಗೆ ಹೇಳಲು ಧೈರ್ಯ ಬರಲಿಲ್ಲ.

ಎರಡು ಗಂಟೆ ಕಳೆದು ಹೊರಬಂದಾಗ ಹೆಂಡತಿ ಕಾಳಕ್ಕ ಬೆಂಚಿನ ಮೇಲೆ ಕೂತು, ಅದೇ ಔಷಧಿಗೆ ಬರುವ ಹಾಸಿಗೆ ಅಂಗಡಿಯ ಬಡೇಸಾಬರ ಜೊತೆ ಮಾತಿಗಿಳಿದಿದ್ದಳು.

"ನನಗಂತೂ ಉರಿ ತಡಿಯಾಕಾಗಲ್ಲ ತಾಯಿ. ಮನೆಗೆ ಹೋದ್ರೆ ಚಳಿಜ್ವರ ಬೇರೆ," ಎನ್ನುತ್ತಿದ್ದರು ಬಡೇಸಾಬರು.

"ನಮ್ಮೋರಿಗೆ ಏನೂ ಇಲ್ಲಪ್ಪ. ಹಾಲು ಕುಡ್ದಂಗೆ ಒಗ್ಗಿಬಿಟ್ಟೈತೆ," ಎಂದು ಹೆಮ್ಮೆಯಿಂದ ಹೇಳಿ ಕಾಳಕ್ಕ ಚಹಾ ತರಲು ಎದ್ದಳು.

ಬಡೇಸಾಬರು ದನಿ ತಗ್ಗಿಸಿದರು. "ಪರದೆ ಆಚೇಲೇ ಮಲಗಿದ್ದೆ ಭಾಯಿ. ನೀರು ಬಿಟ್ಟ ಸದ್ದು ಕೇಳ್ತು. ಯಾಕಪ್ಪ ಹಂಗ್ ಮಾಡ್ತೀಯ?"

ಗುಡ್ಡಪ್ಪ ಸತ್ತ ಕುರಿಯ ಕಥೆ ಹೇಳಿದ. ನಗುತ್ತಾರೆ ಎಂದುಕೊಂಡಿದ್ದ. ಅವರು ನಗಲಿಲ್ಲ.

"ನಾನೂ ಕೇಳ್ದೆ ಡಾಕ್ಟ್ರನ್ನ. ಇದು ರೋಗ ಬರದಂಗೆ ಹಾಕೋದಲ್ಲಂತೆ. ಹಟ್ಟಿಗೆ ತೋಳ ನುಗ್ಗೈತೆ, ನಾಯಿ ಮಲಗೈತೆ ಅಂತಿಟ್ಕೋ. ಈ ಔಷಧಿ ನಮ್ಮ ಮೈಯೊಳಗಿನ ಆ ನಾಯೀನ ಎಬ್ಬಿಸೋ ಕಲ್ಲು. ಅದು ಎದ್ದು ಗಲಾಟೆ ಮಾಡೋದೇ ಈ ಉರಿ. ತೋಳನ್ನ ಹಿಡಿತೈತೋ ಇಲ್ಲೋ, ಅಲ್ಲಾನೇ ಬಲ್ಲ. ಮಲಗೇ ಇದ್ರೆ ಮಾತ್ರ ಹಿಡಿಯಲ್ಲ."

ಊರಿಗೆ ಮರಳುವಾಗ ಹಿರಿಯೂರಿನ ಬಸ್ಸಿನಲ್ಲಿ ಕಾಳಕ್ಕ ಗಂಡನ ಹೆಗಲಿಗೆ ತಲೆಯಾನಿಸಿ ನಿದ್ದೆಹೋದಳು. ರೋಗ ಗೊತ್ತಾದಾಗಿನಿಂದ ಸರಿಯಾಗಿ ಕಣ್ಣು ಮುಚ್ಚದವಳು, ಔಷಧಿ ಒಗ್ಗಿತೆಂಬ ನಂಬಿಕೆಯಲ್ಲಿ ಬಾಯಿ ತೆರೆದು ಮಲಗಿದ್ದಳು. ಗುಡ್ಡಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಐಮಂಗಲ ದಾಟಿದ ಮೇಲೆ ಅವಳನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದ.

"ಮೂರು ವಾರದ್ದೂ?"

"ಮೂರೂ."

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೆರಗನ್ನು ಬಾಯಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿದವಳು ಹಿರಿಯೂರು ಬರುವ ತನಕ ಇತ್ತ ನೋಡಲಿಲ್ಲ. ಬಸ್ಸು ಇಳಿಯುವಾಗ ಕೇಳಿದಳು: "ನೀನು ಹೋದ್ಮೇಲೆ ನಾನ್ ಯಾರ ಮುಖ ನೋಡ್ಕಂಡು ಇರ್ಲಿ ಅಂತ ಒಂದ್ಸಲನಾದ್ರೂ ಅನ್ನಿಸ್ಲಿಲ್ವಾ ನಿಂಗೆ?"

ಮುಂದಿನ ವಾರ ಡಾಕ್ಟರ ಮುಂದೆ ಗಂಡನ ಬಾಯಿಂದಲೇ ಹೇಳಿಸಿದಳು. ಡಾಕ್ಟರು ರೇಗಿದರು. ಮೊದಲಿನಿಂದ ಶುರು ಮಾಡೋಣ, ಔಷಧಿಯಿಲ್ಲದೆ ಕಳೆದ ವಾರಗಳು ಏನು ಹಾನಿ ಮಾಡಿವೆಯೋ ಈಗಲೇ ಹೇಳಲಾಗದು ಎಂದರು.

ಈ ಸಲ ಕಾಳಕ್ಕ ಬೆಂಚಿನ ಮೇಲೆ ಕೂರಲಿಲ್ಲ. ಮೋನಿಕಾ ಔಷಧಿ ಬಿಟ್ಟು ಹೋದ ಮೇಲೆ ಸ್ಟೂಲನ್ನು ಎಳೆದು, ಪಾಯಿಖಾನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮೊದಲ ಗಂಟೆ ಹೇಗೋ ಕಳೆಯಿತು. ಆಮೇಲೆ ಗುಡ್ಡಪ್ಪನ ಹಣೆಯಲ್ಲಿ ಬೆವರೊಡೆಯಿತು. ಟವೆಲ್ಲನ್ನು ಹಲ್ಲಿನಲ್ಲಿ ಕಚ್ಚಿಕೊಂಡ, ಮಂಚದ ಕಂಬಿ ಹಿಡಿದ.

"ಕಾಳೀ, ಉರಿತೈತೆ ಕಣೇ. ದಾರಿ ಬಿಡೇ."

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಉರೀಲಿ," ಎಂದಳು.

ಬಾಗಿಲು ಬಿಟ್ಟು ಏಳದೆ, ಕೂತಲ್ಲಿಂದಲೇ ಅವನತ್ತ ಕೈ ಚಾಚಿದಳು. ಮಂಚ ದೂರವಿತ್ತು. ಅವನೂ ಕಂಬಿ ಬಿಟ್ಟು ಕೈ ಚಾಚಿದ.