ರೋಗಿಯನ್ನು ಮಾತಾಡಿಸಲು ಹೋದವಳು

“ನನ್ನ ಮಗಗ ಆರೋಪಿ ಅಂದ್ರ ನಾಲಿಗಿ ಕಿತ್ತೇನ್ ನೋಡ, ರಂಡೆ! ರೋಗಿ ಅನ್ನು. ಡಾಕ್ಟರ ಬರದ ಕೊಟ್ಟಾನ, ಕಣ್ಣ ಕುರುಡಾಗ್ಯಾವೇನ್?”

ಗೌಡ ಕಾಗದವನ್ನು ಬೇಗಂಬಿಯ ಮೂಗಿಗೆ ತಾಗುವಂತೆ ಹಿಡಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಮೂಡಲಗಿಯ ಠಾಣೆಯಲ್ಲಿ ಗೌಡ ಮತ್ತು ಅವನ ವಕೀಲ ಬೆಂಚಿನ ಮೇಲೆ, ಅವಳು ನೆಲದ ಮೇಲೆ. ಗೌಡನ ಅರಿಷಿಣದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅವಳ ಮಗಳು ತಬಸ್ಸುಮಳನ್ನು ಗೌಡನ ಮಗ ಮಲ್ಲೇಶ ಪಂಪಿನ ಮನೆಗೆ ಎಳೆದೊಯ್ದು ಅತ್ಯಾಚಾರ ಮಾಡಿ ಒಂಬತ್ತು ದಿನವಾಗಿತ್ತು. ಇಪ್ಪತ್ತು ದಾಟಿದ ಹುಡುಗಿ ಅಂದಿನಿಂದ ಮಾತಾಡಿರಲಿಲ್ಲ, ಬಾಗಿಲಾಚೆ ಕಾಲಿಟ್ಟಿರಲಿಲ್ಲ.

ವಕೀಲನ ದನಿ ಮಾತ್ರ ಬೆಣ್ಣೆ. “ಅವಂಗ ಮನಸಿನ ಬ್ಯಾನಿ ಐತವಾ. ಇಂಗ್ಲೀಷಿನ್ಯಾಗ ಅದಕ್ಕ ಮಾರುದ್ದದ ಹೆಸರೈತಿ. ಆರೋಪಿಗೆ ಜೈಲು, ರೋಗಿಗೆ ಔಷಧ. ‘ತಿಳದ ಮಾಡಿದ್ದಲ್ಲ, ಮೊದಲಿಂದ ಅವನ ತಲಿ ನೆಟ್ಟಗಿಲ್ಲ’ ಅಂತ ಹೆಬ್ಬೆಟ್ಟ ಒತ್ತು. ಹುಚ್ಚರ ದವಾಖಾನ್ಯಾಗ ಇಡಸ್ತೇವಿ.”

“ಹೊರಗ ಬಿಡೂದಿಲ್ಲಲ್ರಿ?”

“ಆರಾಮ ಆಗೂತನಕ ಬಿಡೂದಿಲ್ಲ.”

ಬೇಗಂಬಿಗೆ ಬೇಕಾದದ್ದು ಅಷ್ಟೇ. ಅವನು ಊರಲ್ಲಿಲ್ಲದಿದ್ದರೆ ಮಗಳು ಹೊರಗೆ ಬಂದಾಳು. ಜೈಲಿನ ಗೋಡೆಯಾದರೇನು, ದವಾಖಾನೆಯ ಗೋಡೆಯಾದರೇನು? ಒತ್ತಿಬಿಟ್ಟಳು.

ಹದಿನೈದೇ ದಿನಕ್ಕೆ ಮಲ್ಲೇಶ ಅವಳ ಮನೆಯ ಮುಂದೆ ಮೋಟಾರ್ ಸೈಕಲ್ಲು ಗುಡುಗಿಸುತ್ತ ಹೋದ. ತಬಸ್ಸುಮ ಹಿಟ್ಟಿನ ಡಬ್ಬಿಯ ಹಿಂದೆ ಮುದುಡಿ ಕೂತಳು. ಕೇಳಲು ಠಾಣೆಗೆ ಹೋದರೆ ಹವಾಲ್ದಾರ ಸತ್ತೆಪ್ಪ ರೇಗಿದ.

“ನೀನ ಒತ್ತಿ ಕೊಟ್ಟಿ, ಕೇಸ ಸಡ್ಲ ಆತು. ಜಾಮೀನ ಸಿಕ್ಕೈತಿ, ಮನ್ಯಾಗ ಔಷಧ ತಗೋತಾನಂತ. ನಡೀ ಮನೀಗೆ.”

ಆ ವಾರವೇ ಹುಕ್ಕೇರಿಯಿಂದ ಮಲ್ಲೇಶನಿಗೆ ಹೆಣ್ಣು ಕೊಡುವವರು ಬಂದರು. ಬೇಗಂಬಿಯ ಊರಲ್ಲಿ ಯಾರಿಗೆ ಜಡ್ಡಾದರೂ ಜಾತಿ ನೋಡದೆ ಹೋಗಿ ಮಾತಾಡಿಸಿ ಬರುವುದು ಪದ್ಧತಿ. ಬಂದವರನ್ನು ಬಾಗಿಲಿಂದ ಅಟ್ಟುವಂತಿಲ್ಲ. ಬೇಗಂಬಿ ಜಡ್ಡು ವಾಸಿಯಾಗಲೆಂದು ಮಸೀದಿಯಲ್ಲಿ ಓದಿಸಿ ಊದಿಸಿದ ನೀರನ್ನು ಚೊಂಬಿನಲ್ಲಿ ಹಿಡಿದು, ತಲೆ ತುಂಬ ಸೆರಗು ಹೊದ್ದು, ನೆಟ್ಟಗೆ ಗೌಡನ ಪಡಸಾಲೆ ಹತ್ತಿದಳು.

“ರೋಗಿ ಹೆಂಗದಾನ್ರಿ ಗೌಡ್ರ? ಮಾತಾಡ್ಸಾಕ ಬಂದೇನ್ರಿ.”

ಗೌಡ ಚಹಾ ಬಿಟ್ಟು ಎದ್ದು ನಿಂತ. “ಯಾವ ರೋಗಿನ, ಬೋಸುಡಿ? ನನ್ನ ಮಗ ಹುಲಿ ಇದ್ದಂಗದಾನ!”

“ಹಂಗಾರ ಅದನ್ನ ಠಾಣೇದಾಗ ಹೇಳ್ರಿ. ಬ್ಯಾನಿ ಖರೆ ಇದ್ರ ಈ ಬೀಗರಿಗೆ ಹೇಳ್ರಿ. ನನ್ನ ಮಗಳಿಗೆ ರೋಗಿ, ಇವರ ಮಗಳಿಗೆ ಹುಲಿ ಏನ್ರಿ?”

ಹೆಣ್ಣಿನ ಅಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. “ನಮಗ ಎಲ್ಲಾ ತಿಳದೈತಿ. ಹರೇದಾಗ ಗಂಡ ಹುಡುಗ್ರು ಹಂಗ. ಲಗ್ನ ಆದ್ರ ಆರಾಮ ಅಕ್ಕಾನ.”

ಬೇಗಂಬಿ ಚೊಂಬನ್ನು ಅವನ ಮುಂದೆ ಕುಕ್ಕಿದಳು. “ತಗೋರಿ. ನಿಮ್ಮ ಮಗಳಿಗೆ ಬೇಕಾಕ್ಕೈತಿ.”

ಗೌಡನ ಹೊಲದಲ್ಲಿ ಬೇಗಂಬಿಯ ಜೊತೆ ಕಳೆ ಕೀಳುವ ಆಳುಗಳೇ ಬಂದು ತೋಳು ಹಿಡಿದು ಎಳೆದು ಬೀದಿಗೆ ಹಾಕಿದರು. ಒಳಗೆ ಮುಹೂರ್ತದ ಮಾತು ಮುಂದುವರಿಯಿತು.

ಮನೆಯಲ್ಲಿ ತಬಸ್ಸುಮ ಹೊಸ್ತಿಲ ತನಕ ಬಂದು ನಿಂತಿದ್ದಳು. ಇಷ್ಟು ದಿನಗಳಲ್ಲಿ ಮೊದಲ ಬಾರಿ ಬಾಯಿ ಬಿಟ್ಟಳು.

“ಅಮ್ಮಾ, ಅವನ್ನ ಒಯ್ದ್ರೇನ? ನಾ ಹೊರಗ ಬರ್ಲಿ?”

ಬೇಗಂಬಿ ಅವಳನ್ನು ಒಳಗೆ ನೂಕಿ, ಬಾಗಿಲು ಮುಚ್ಚಿ, ತನ್ನ ಕೈಯಾರೆ ಚಿಲಕ ಹಾಕಿದಳು.